ಬೋರ್ಡಕ್ಕನ ಹನ್ನೊಂದು ನಿಮಿಷ

ಬೋರ್ಡಕ್ಕನಿಗೆ ಸಿಟ್ಟು ಬರುವ ಹೊತ್ತು ಆ ಆಫೀಸಿನಲ್ಲಿ ಎಲ್ಲರಿಗೂ ಗೊತ್ತಿತ್ತು: ಬೆಳಿಗ್ಗೆ ಒಂಬತ್ತು ಹತ್ತು. ಕುರ್ಚಿಯ ಬೆನ್ನಿಗೆ ಚೀಲ ನೇತುಹಾಕಿ, ಕಂಪ್ಯೂಟರ್ ಶುರು ಮಾಡಿ, ಪರದೆಯನ್ನು ದುರುಗುಟ್ಟಿಕೊಂಡು ಕೂತಿರುವ ಹೊತ್ತು ಅದು. ಚಹಾ ತರುವವನು ಒಂಬತ್ತೂವರೆಯ ತನಕ ಆ ಮೇಜಿನ ಕಡೆ ಸುಳಿಯುತ್ತಿರಲಿಲ್ಲ. ಒಂದು ಸಲ ಸುಳಿದು, "ಸಕ್ಕರೆ ಹಾಕ್ಲಾ ಅಕ್ಕ?" ಅಂತ ಕೇಳಿದ್ದಕ್ಕೆ ಚೆನ್ನಾಗಿ ಉಗಿಸಿಕೊಂಡಿದ್ದ. ಅವನ ತಪ್ಪೇನೂ ಇರಲಿಲ್ಲ, ಪಾಪ.

ಅವಳ ಕೆಲಸ ಲಿಫ್ಟಿಗೆ ಬುದ್ಧಿ ಹೇಳುವುದು. ಲಿಫ್ಟು ತಾನಾಗಿ ಏರುತ್ತದೆ, ತಾನಾಗಿ ಇಳಿಯುತ್ತದೆ ಅಂತ ನಾವೆಲ್ಲ ತಿಳಿದಿರುತ್ತೇವೆ. ತಾನಾಗಿ ಯಾವುದೂ ಆಗುವುದಿಲ್ಲ. ಕಟ್ಟಡದ ನೆತ್ತಿಯ ಮೇಲಿನ ಕೋಣೆಯಲ್ಲಿ ಒಂದು ಪೆಟ್ಟಿಗೆ, ಪೆಟ್ಟಿಗೆಯೊಳಗೆ ಅಂಗೈ ಅಗಲದ ಹಸಿರು ಬೋರ್ಡು, ಬೋರ್ಡಿನ ಚಿಪ್ಪಿನೊಳಗೆ ಯಾರೋ ಒಬ್ಬರು ಸೊಂಟ ನೋಯಿಸಿಕೊಂಡು ಬರೆದ ಸಾವಿರಾರು ಸಾಲು ಕೋಡು. ಈಗ ಆ ಯಾರೋ ಒಬ್ಬರು ಇವಳೇ. ಇಪ್ಪತ್ತನೇ ವಯಸ್ಸಿಗೆ ಅದೇ ಬೋರ್ಡುಗಳಿಗೆ ಬೆಸುಗೆ ಹಾಕುವ ಕೆಲಸಕ್ಕೆ ಸೇರಿದವಳು, ಈಗ ನಲವತ್ತೇಳು. ಬೆರಳ ತುದಿಯಲ್ಲಿ ಹಳೆಯ ಸುಟ್ಟ ಕಲೆಗಳು ಇನ್ನೂ ಇವೆ. ಗಂಡ ಲಾರಿ ಓಡಿಸುತ್ತಾನೆ, ವಾರಕ್ಕೆ ಎರಡು ದಿನ ಮನೆಯಲ್ಲಿ ಕಂಡರೆ ಹೆಚ್ಚು. ಮನೆಯಲ್ಲಿ ಇವಳೂ ಇವಳ ಅಮ್ಮನೂ.

ಕೋಡು ಬರೆಯುವುದನ್ನು ಅವಳಿಗೆ ಕಲಿಸಿದವರು ಮೇಷ್ಟ್ರು. ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ, ಆ ಕಂಪನಿಯ ಮೊದಲ ಎಂಜಿನಿಯರು. ಮೂಗಿನ ತುದಿಯಲ್ಲಿ ಕನ್ನಡಕ ಇಟ್ಟುಕೊಂಡು, ಬೈದು ಬೈದೇ ಕಲಿಸುತ್ತಿದ್ದರಿಂದ ಆ ಹೆಸರು. ಇಂಗ್ಲಿಷಿನಲ್ಲಿ ಹೆಸರಿಟ್ಟರೆ ಕೋಡು ತನ್ನದಲ್ಲ ಅನ್ನಿಸುತ್ತದೆ ಎಂದು ಅವರು ಎಲ್ಲದಕ್ಕೂ ಕನ್ನಡದ ಹೆಸರನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದರು. ಮೇಲೆ, ಕೆಳಗೆ, ಬಾಗಿಲು, ದೀಪ. ಬಾಗಿಲು ಮುಚ್ಚಲು 'ಹಾಕು', ತೆರೆಯಲು 'ತೆಗೆ'. ದೀಪ ಹಚ್ಚಲೂ 'ಹಾಕು', ಆರಿಸಲೂ 'ತೆಗೆ'. ಬಾಗಿಲು ಹಾಕಿದರೆ ಮುಚ್ಚುತ್ತೆ, ದೀಪ ಹಾಕಿದರೆ ಉರಿಯುತ್ತೆ, ಒಂದೇ ಪದ ಎರಡು ಕೆಲಸ ಮಾಡಿದರೆ ಗೊಂದಲ ಆಗಲ್ವಾ ಎಂದು ಇವಳು ಮೊದಲ ವರ್ಷ ಕೇಳಿದ್ದಳು.

"ನಿಮ್ಮಮ್ಮ ಬಾಗಿಲು ಹಾಕು ಅಂದ್ರೆ ನೀನು ಹೋಗಿ ಬಾಗಿಲಿಗೆ ಬೆಂಕಿ ಹಚ್ತೀಯೇನು?" ಅಂದಿದ್ದರು ಮೇಷ್ಟ್ರು. "ಯಾರಿಗೆ ಹೇಳ್ತಿದೀವಿ ಅನ್ನೋದು ಗೊತ್ತಿದ್ರೆ ಸಾಕು. ತಲೆ ಕೆಡಿಸ್ಕೋಬೇಡ."

ಮೇಷ್ಟ್ರು ತೀರಿಕೊಂಡು ನಾಲ್ಕು ವರ್ಷ. ಅವರು ಬಿಟ್ಟುಹೋದದ್ದು ಎರಡು: ಆ ಕೋಡು, ಮತ್ತು ಅದನ್ನು ಬರೆಯಲು ಅವರು ಬಳಸುತ್ತಿದ್ದ ತಂತ್ರಾಂಶ. ಅದಕ್ಕೆ ಡೆವಲಪ್‌ಮೆಂಟ್ ಎನ್‌ವಿರಾನ್‌ಮೆಂಟ್ ಎಂಬ ಗಜಗಾತ್ರದ ಹೆಸರು. ಆಫೀಸಿನಲ್ಲಿ ಯಾರೂ ಅಷ್ಟುದ್ದ ಬಾಯಿ ತೆರೆಯುತ್ತಿರಲಿಲ್ಲ, 'ದೊಡ್ಡದು' ಅನ್ನುತ್ತಿದ್ದರು. ಬರೆಯುವುದು, ತಪ್ಪು ಹಿಡಿಯುವುದು, ಒಂದೊಂದೇ ಸಾಲು ನಡೆಸಿ ನೋಡುವುದು, ಬೋರ್ಡಿಗೆ ತುಂಬಿಸುವುದು, ಎಲ್ಲವೂ ಅದರ ಹೊಟ್ಟೆಯೊಳಗೇ ಇತ್ತು. ಹೊಟ್ಟೆ ದೊಡ್ಡದಾದ್ದರಿಂದ ಏಳುವುದೂ ನಿಧಾನ. ಬೋರ್ಡಕ್ಕನ ಹಳೆಯ ಕಂಪ್ಯೂಟರಿನಲ್ಲಿ ಅದು ತೆರೆದುಕೊಳ್ಳಲು ಹನ್ನೊಂದು ನಿಮಿಷ. ಅವಳು ಲೆಕ್ಕ ಇಟ್ಟಿದ್ದಳು. ಒಂಬತ್ತು ಹತ್ತರಿಂದ ಒಂಬತ್ತು ಇಪ್ಪತ್ತೊಂದು.

ಇಂಥದ್ದರಲ್ಲಿ ಹೊಸ ಮ್ಯಾನೇಜರು ಬಂದ. ಮೂವತ್ತೈದು ದಾಟಿರಲಿಲ್ಲ, ಮಾತು ಮೃದು, ಎಲ್ಲದಕ್ಕೂ "ಸಿಂಪಲ್ ಮೇಡಂ" ಅನ್ನುವ ಚಾಳಿ. ಬಂದ ವಾರದಲ್ಲೇ ಎಲ್ಲರ ಕಂಪ್ಯೂಟರಿಗೂ ಒಂದು ಹಗುರವಾದ ಕೋಡ್ ಎಡಿಟರ್ ಹಾಕಿಸಿ, ಅದಕ್ಕೆ ಲಿಫ್ಟಿನ ಚಿಪ್ಪಿಗೆಂದೇ ಮಾಡಿದ ಎಕ್ಸ್‌ಟೆನ್ಷನ್ ಎಂಬ ಬಾಲವೊಂದನ್ನು ಅಂಟಿಸಿದ. ಅದಕ್ಕೆ 'ಚಿಕ್ಕದು' ಅಂತ ಹೆಸರಾಯಿತು. ಕಣ್ಣು ಮಿಟುಕಿಸುವುದರೊಳಗೆ ತೆರೆದುಕೊಳ್ಳುತ್ತಿತ್ತು.

"ಒಂದು ತಿಂಗಳು ಎರಡನ್ನೂ ಬಳಸಿ ನೋಡಿ ಮೇಡಂ," ಅಂದ. "ಒಂದೇ ಆಫೀಸಲ್ಲಿ ಎರಡು ಬೇಡ. ಹಿರಿಯರು ನೀವು. ತಿಂಗಳ ಕೊನೆ ಶುಕ್ರವಾರ ನೀವು ಯಾವುದು ಅಂತೀರೋ ಅದೇ."

ಹಿರಿಯರು ಅನ್ನುವ ಮಾತಿನಲ್ಲಿ ಮುಳ್ಳಿದೆಯೋ ಮರ್ಯಾದೆಯಿದೆಯೋ ಎಂದು ಬೋರ್ಡಕ್ಕ ಒಂದು ಇಡೀ ಮಧ್ಯಾಹ್ನ ಯೋಚಿಸಿದಳು. ಗೊತ್ತಾಗಲಿಲ್ಲ, ಸಿಟ್ಟು ಮಾತ್ರ ಬಂತು.

ಆ ಚಿಕ್ಕದರ ಕಾಟ ಹೇಳತೀರದು. ತೆರೆಯುವುದೇನೋ ಚಕ್ಕನೆ, ತೆರೆದ ಮೇಲೆ ಶುರು. ಒಂದು ಎಕ್ಸ್‌ಟೆನ್ಷನ್ ಹಾಕಿದರೆ ಅದಕ್ಕೆ ಇನ್ನೊಂದು ಬೇಕು. ಆ ಇನ್ನೊಂದು ಬಂದರೆ ಮೊದಲನೆಯದು ಮುನಿಸಿಕೊಳ್ಳುತ್ತದೆ. ಹೊಸ ಆವೃತ್ತಿ ಬಂದಿದೆ, ಹಾಕಲೇ? ಹಾಕಿದೆ, ಮತ್ತೆ ಶುರು ಮಾಡಲೇ? ಕೋಡನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ನಿಮ್ಮ ಕಂಪೈಲರ್ ಎಲ್ಲಿದೆ ಹೇಳಿ. ಹೇಳಿದರೆ, ಅಲ್ಲಿ ಇಲ್ಲ. ಬೋರ್ಡಕ್ಕ ಅಲ್ಲೇ ಇದೆ ಅಂತ ಬೆರಳು ತೋರಿಸಿದರೆ ಪರದೆಗೆ ಕಾಣುತ್ತದೆಯೇ? ಒಲೆಯೊಂದನ್ನು ಕೊಟ್ಟು, ಪಾತ್ರೆ ಸೌಟು ಎಲ್ಲವನ್ನೂ ಅಕ್ಕಪಕ್ಕದ ಮನೆಗಳಿಂದ ಇಸಕೊಂಡು ಬಾ ಅಂದಂತಿತ್ತು. ಎರಡನೇ ವಾರವಾದರೂ ಅವಳ ಚಿಕ್ಕದು ಅರ್ಧಂಬರ್ಧ. ಅಕ್ಷರ ತೋರಿಸುತ್ತಿತ್ತು, ಹುಡುಕುತ್ತಿತ್ತು, ಬದಲಿಸುತ್ತಿತ್ತು, ಬೋರ್ಡಿಗೆ ತುಂಬಿಸುತ್ತಲೂ ಇತ್ತು, ಆದರೆ ಯಾವುದು ಕೋಡಿನ ಹೆಸರು, ಯಾವುದು ಬರೀ ಪದ ಎನ್ನುವ ವಿವೇಕ ಅದಕ್ಕೆ ಇನ್ನೂ ಬಂದಿರಲಿಲ್ಲ. ಆ ವಿವೇಕ ಬರಲು ಇನ್ನೊಂದು ಸೆಟ್ಟಿಂಗ್ ಸರಿಮಾಡಬೇಕಿತ್ತು. ನಾಳೆ ನೋಡೋಣ ಅಂತ ಬಿಟ್ಟಿದ್ದಳು.

ಆ ವಾರದ ಮಂಗಳವಾರ ಒಂದು ಕೆಲಸ ಬಂತು. ಲಿಫ್ಟುಗಳ ಸುರಕ್ಷತೆ ಪರೀಕ್ಷಿಸುವವರು ಕೋಡು ಓದಬೇಕಂತೆ, ಬಾಗಿಲಿಗೆ ಸಂಬಂಧಪಟ್ಟ ಹೆಸರುಗಳೆಲ್ಲ ಇಂಗ್ಲಿಷಿನಲ್ಲಿರಬೇಕಂತೆ, ಹತ್ತು ಗಂಟೆಯೊಳಗೆ ಕಳಿಸಬೇಕಂತೆ. ಮ್ಯಾನೇಜರು ಹೇಳಿದಾಗ ಒಂಬತ್ತು ಗಂಟೆ ನಲವತ್ತು ನಿಮಿಷ. ಬೆಳಿಗ್ಗೆಯಿಂದ ಚಿಕ್ಕದರ ಜೊತೆ ಗುದ್ದಾಡುತ್ತಿದ್ದ ಬೋರ್ಡಕ್ಕ ಈಗ ದೊಡ್ಡದನ್ನು ತೆರೆದಳು. ಅದು ಎಂಟು ನಿಮಿಷ ಗುಂಯ್‌ಗುಟ್ಟಿ, ಬಿಳಿಚಿಕೊಂಡು, ಉಸಿರು ಬಿಟ್ಟಿತು. ಮತ್ತೆ ಮೊದಲಿಂದ ಹನ್ನೊಂದು ನಿಮಿಷ ಯಾರು ಕಾಯಬೇಕು? ಅವಳು ಚಿಕ್ಕದನ್ನು ತೆರೆದು, ಬಾಗಿಲಿನ ಫೋಲ್ಡರನ್ನು ಮಾತ್ರ ಆರಿಸಿಕೊಂಡಳು. ದೀಪದ ಕಡೆ ಕೈಹಾಕಬಾರದೆಂಬ ಎಚ್ಚರ ಇತ್ತು. 'ಹಾಕು' ಇದ್ದಲ್ಲೆಲ್ಲ close, 'ತೆಗೆ' ಇದ್ದಲ್ಲೆಲ್ಲ open. ನಲವತ್ತೇಳು ಕಡೆ ಇದೆ, ಒಂದೊಂದಾಗಿ ನೋಡುತ್ತೀರೋ, ಎಲ್ಲವನ್ನೂ ಬದಲಿಸಲೋ ಎಂದು ಅದು ಕೇಳಿತು. ಅಷ್ಟು ದಿನದಲ್ಲಿ ಅದು ಕೇಳಿದ ಒಂದೇ ಒಂದು ಒಳ್ಳೆಯ ಪ್ರಶ್ನೆ ಅದಾಗಿತ್ತು. ಎಲ್ಲವನ್ನೂ ಬದಲಿಸು ಅಂತ ಒತ್ತಿದಳು. ಹತ್ತಕ್ಕೆ ಎರಡು ನಿಮಿಷ ಇರುವಾಗ ಕಳಿಸಿಯೂ ಆಯಿತು.

ಹೊಸದಾಗಿ ಬರೆದದ್ದೇನೇ ಇರಲಿ, ಮೊದಲು ತನ್ನ ಕಟ್ಟಡದ ಲಿಫ್ಟಿಗೆ, ಆಮೇಲೆ ಬೇರೆಯವರಿಗೆ. ಇದು ಬೋರ್ಡಕ್ಕ ತನಗೆ ತಾನೇ ಹಾಕಿಕೊಂಡಿದ್ದ ಕಟ್ಟುಪಾಡು. ತನ್ನ ಅಮ್ಮ ಹತ್ತಲಾರದ ಲಿಫ್ಟಿಗೆ ಕಂಡವರ ಅಮ್ಮನನ್ನು ಹತ್ತಿಸಬಾರದು ಎನ್ನುತ್ತಿದ್ದಳು. ಹೇಳಿಕೊಳ್ಳಲು ಚೆನ್ನಾಗಿತ್ತು. ಬುಧವಾರ ಸಂಜೆ ಹೊಸ ಕೋಡನ್ನು ಚಿಕ್ಕದರಿಂದಲೇ ತನ್ನ ಕಟ್ಟಡದ ಲಿಫ್ಟಿಗೆ ತುಂಬಿಸಿದಳು. ಏರಿತು, ಇಳಿಯಿತು, ಬಾಗಿಲು ತೆರೆಯಿತು, ಮುಚ್ಚಿತು. ಶುಕ್ರವಾರ ನಾಲ್ಕು ಗಂಟೆಗೆ ಅದರೊಳಗೆ ಅಮ್ಮ ಸಿಕ್ಕಿಕೊಂಡಳು.

ಈ ಅಮ್ಮನ ಬಗ್ಗೆ ಎರಡು ಮಾತು ಹೇಳಬೇಕು. ಎಪ್ಪತ್ತಮೂರು ವರ್ಷ. ಇಪ್ಪತ್ತೆಂಟು ವರ್ಷ ಬಸ್ ನಿಲ್ದಾಣದ ಮೈಕಿನಲ್ಲಿ ಬಸ್ಸುಗಳ ಹೆಸರು ಕೂಗಿದವಳು. ಮೈಕು ಕೆಟ್ಟ ದಿನವೂ ಯಾರೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ, ಅಂಥ ಗಂಟಲು. ಆರು ತಿಂಗಳ ಹಿಂದೆ ಸೊಂಟದ ಮೂಳೆಯ ಆಪರೇಷನ್ ಆಗಿ ನಾಲ್ಕು ಕಾಲಿನ ಕೋಲು ಬಂದಿತ್ತು. ಮನೆ ಐದನೇ ಮಹಡಿ. ದಿನಾ ನಾಲ್ಕು ಗಂಟೆಗೆ ಕೆಳಗಿಳಿದು, ಅಂಗಳದ ಕಲ್ಲುಬೆಂಚಿನ ಮೇಲೆ ತನ್ನ ವಾರಗೆಯ ಮೂವರು ಹೆಂಗಸರ ಜೊತೆ ಆರರ ತನಕ ಕೂತರೆ ಅವಳ ದಿನ ದಿನವಾಗುತ್ತಿತ್ತು. ಉಳಿದ ಇಪ್ಪತ್ತೆರಡು ಗಂಟೆ ಆ ಎರಡು ಗಂಟೆಗಾಗಿ ಕಾಯುವುದು.

ಆ ಶುಕ್ರವಾರ ಲಿಫ್ಟು ನಾಲ್ಕನೇ ಮಹಡಿ ದಾಟುವಾಗ ಕರೆಂಟು ಹೋಯಿತು. ಮೂರು ನಿಮಿಷಕ್ಕೆ ಬಂತು. ಕರೆಂಟು ಬಂದ ಮೇಲೆ ಹತ್ತಿರದ ಮಹಡಿಗೆ ಇಳಿದು ಬಾಗಿಲು ತೆರೆಯಬೇಕು ಅಂತ ಕೋಡಿನಲ್ಲಿದೆ. ಮೂರನೆಯ ಮಹಡಿಗೆ ಇಳಿಯಿತು, ನಿಂತಿತು, ಬಾಗಿಲು ತೆರೆಯಲಿಲ್ಲ. ಅಮ್ಮ ಕೂಗಿದ್ದು ಇಡೀ ಕಟ್ಟಡಕ್ಕೆ ಕೇಳಿತು. ಆದರೆ ಹೊರಗಿನಿಂದ ಬಾಗಿಲು ತೆರೆಯುವ ಕೀಲಿ ಇದ್ದದ್ದು ಕಟ್ಟಡದ ಸೆಕ್ರೆಟರಿಯ ಜೇಬಿನಲ್ಲಿ, ಸೆಕ್ರೆಟರಿ ಇದ್ದದ್ದು ಕ್ಷೌರದಂಗಡಿಯಲ್ಲಿ. ಅವರು ಅರ್ಧ ತಲೆಯಲ್ಲಿ ಓಡಿಬರುವ ಹೊತ್ತಿಗೆ ನಲವತ್ತು ನಿಮಿಷವಾಗಿತ್ತು.

ನಿವೃತ್ತ ಸರ್ವೇಯರು ಆ ಸೆಕ್ರೆಟರಿ. ಅರ್ಧ ತಲೆಯ ಅವಮಾನವನ್ನೆಲ್ಲ ಸೇರಿಸಿ ಲಿಫ್ಟಿಗೆ ಬೀಗ ಜಡಿದರು.

"ಯಾಕೆ ಹೀಗಾಯ್ತು ಅಂತ ಲಿಖಿತವಾಗಿ ಕೊಡಿ, ಬೀಗ ತೆಗಿತೀನಿ," ಅಂದರು, ಆಫೀಸಿನಿಂದ ಓಡಿಬಂದ ಬೋರ್ಡಕ್ಕನಿಗೆ.

"ಲಿಫ್ಟಲ್ಲಿ ಒಂದ್ಸಲ ಕರೆಂಟ್ ತೆಗೆದು ಹಾಕಿ ನೋಡಿದ್ರೆ ತಾನೇ ಸರ್ ಗೊತ್ತಾಗೋದು?"

"ಕಾರಣ ಗೊತ್ತಾಗೋವರೆಗೆ ಅದನ್ನ ಯಾರೂ ಮುಟ್ಟೋ ಹಾಗಿಲ್ಲ."

"ಮುಟ್ಟದೆ ಕಾರಣ ಹೇಗೆ ಗೊತ್ತಾಗ್ಬೇಕು?"

"ಅದು ನಿಮ್ಮ ಇಲಾಖೆ," ಅಂದರು ಸೆಕ್ರೆಟರಿ. ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗಾದರೂ ನೋವಾಗಬಹುದು, ಈ ಮನುಷ್ಯನಿಗೆ ಆಗುವುದಿಲ್ಲ ಅಂದುಕೊಂಡು ಬೋರ್ಡಕ್ಕ ಐದು ಮಹಡಿ ಹತ್ತಿ ಹೋದಳು.

ಅಮ್ಮ ಕೋಲು ಮಂಚಕ್ಕೆ ಒರಗಿಸಿ ಕೂತಿದ್ದಳು. ನಲವತ್ತು ನಿಮಿಷದ ಬಗ್ಗೆ ಕೇಳಿದರೆ, "ಏನಿಲ್ಲ ಕಣೇ, ಸಂತೆಗೆ ಹೋಗೋ ಬಸ್ಸೆಲ್ಲ ಒಂದ್ಸಲ ಕೂಗಿದೆ, ಹೊತ್ತು ಹೋಯ್ತು," ಅಂತ ನಕ್ಕುಬಿಟ್ಟಳು. ಬೋರ್ಡಕ್ಕನೂ ನಕ್ಕು ಒಳಗೆ ಹೋದಳು. ಆಮೇಲೆ ದಿನಾ ನಾಲ್ಕಕ್ಕೆ ಅಮ್ಮ ಬಾಲ್ಕನಿಯಲ್ಲಿ ನಿಂತು ಕೆಳಗಿನ ಬೆಂಚಿನವರ ಜೊತೆ ಐದು ಮಹಡಿ ಎತ್ತರದಿಂದ ಮಾತಾಡತೊಡಗಿದಳು. ಮೊದಲ ಮೂರು ದಿನ ಎಲ್ಲರಿಗೂ ಮಜವೆನಿಸಿತು. ಎಂಟನೇ ದಿನಕ್ಕೆ ಕೆಳಗಿನವರಿಗೆ ಕತ್ತು ನೋವು. ಹನ್ನೆರಡನೇ ದಿನಕ್ಕೆ ಅಮ್ಮನೇ ಬಾಲ್ಕನಿಗೆ ಹೋಗುವುದನ್ನು ಬಿಟ್ಟಳು. ಕಾಲಿಗೆ ವ್ಯಾಯಾಮ ಮಾಡಿಸುವವಳು ಬಂದು ನೋಡಿ, "ಅಜ್ಜಿ ನಡೆಯೋದೇ ಕಮ್ಮಿ ಮಾಡಿದಾರೆ, ಹೀಗಾದ್ರೆ ಕೀಲು ಹಿಡ್ಕೊಳ್ಳತ್ತೆ, ಆಮೇಲೆ ಲಿಫ್ಟ್ ಸರಿಹೋದ್ರೂ ಇವರು ಇಳಿಯಲ್ಲ," ಅಂದಳು.

ಆಫೀಸಿನಲ್ಲಿ ನಡೆಯುತ್ತಿದ್ದದ್ದು ಬೇರೆಯೇ ಪುರಾಣ. ಅಲ್ಲಿ ಪರೀಕ್ಷೆಗೆಂದು ಮೇಜಿನ ಮೇಲೆ ಒಂದು ಬೋರ್ಡು ಇತ್ತು. ಲಿಫ್ಟಿಲ್ಲ, ಬಾಗಿಲಿಲ್ಲ, ಬೋರ್ಡು ಯಾರಿಗೆ ಏನು ಹೇಳುತ್ತದೋ ಅದನ್ನು ತೋರಿಸುವ ಪರದೆ ಮಾತ್ರ. ಬೋರ್ಡಕ್ಕ ಕರೆಂಟು ತೆಗೆದಳು, ಕೊಟ್ಟಳು. ಪರದೆ ಹೇಳಿತು: ಮೂರನೇ ಮಹಡಿ. ನಿಂತಿದೆ. open. ಸರಿಯಾಗಿಯೇ ಇದೆಯಲ್ಲ. ದೊಡ್ಡದರಲ್ಲಿ ಒಂದೊಂದೇ ಸಾಲು ನಡೆಸಿದಳು, open. ಚಿಕ್ಕದರಲ್ಲಿ ನಡೆಸಲು ಮೂರು ದಿನ ಸೆಟ್ಟಿಂಗಿನ ಜೊತೆ ಗುದ್ದಾಡಿ, ನಾಲ್ಕನೇ ದಿನ ನಡೆಸಿದಳು, open. ತಪ್ಪು ಚಿಕ್ಕದರದ್ದೇ, ಅದೇ ಏನೋ ಎಡವಟ್ಟು ಮಾಡಿ ಬೋರ್ಡಿಗೆ ತುಂಬಿಸಿದೆ ಎಂದು ಅವಳಿಗೆ ಖಾತ್ರಿ. ಹಾಗಂತ ದೊಡ್ಡದರಿಂದಲೇ ಕೋಡು ತಯಾರಿಸಿ ಬೋರ್ಡಿಗೆ ಹೊಸದಾಗಿ ತುಂಬಿಸಿದಳು. ಆಗಲೂ open. ಎರಡೂ ಸೇರಿಕೊಂಡು ತನ್ನ ಮೇಲೆ ಸಂಚು ಮಾಡುತ್ತಿವೆ ಎಂದು ಅನ್ನಿಸುವಷ್ಟು ರೋಸಿಹೋದಳು.

"ಚಿಕ್ಕದರ ಮೇಲೆ ಯಾಕೆ ಅಷ್ಟು ಅನುಮಾನ ಮೇಡಂ?" ಅಂದ ಮ್ಯಾನೇಜರು ಒಂದು ದಿನ, ಹಿಂದೆ ನಿಂತು. "ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ, ಹಾಗಾಗ್ಬಾರದು ನೋಡಿ." ನಗುತ್ತಲೇ ಹೇಳಿದ. ನಗುತ್ತ ಹೇಳಿದ್ದೇ ಮೈ ಉರಿಸಿತು.

"ಇಪ್ಪತ್ತೇಳು ವರ್ಷದಿಂದ ಇದೇ ನೆಲದ ಮೇಲೆ ಕುಣೀತಿದೀನಿ ಸರ್," ಅಂದಳು. "ನೆಲ ಬದಲಾಯ್ಸಿದ್ದು ನಾನಲ್ಲ."

ಆವತ್ತೇ ಅವಳು ಶುಕ್ರವಾರಕ್ಕೆ ಕೊಡಬೇಕಾದ ಅಭಿಪ್ರಾಯವನ್ನು ಬರೆದು ಇಟ್ಟುಕೊಂಡಳು. ಒಂದು ಪುಟ. ಚಿಕ್ಕದನ್ನು ನಂಬಲಾಗುವುದಿಲ್ಲ, ಅದರಿಂದಾಗಿಯೇ ಲಿಫ್ಟು ಕೈಕೊಟ್ಟಿತು, ಒಬ್ಬ ವೃದ್ಧೆ ನಲವತ್ತು ನಿಮಿಷ ಸಿಕ್ಕಿಕೊಂಡರು, ಆದ್ದರಿಂದ ದೊಡ್ಡದೇ ಇರಲಿ. ವೃದ್ಧೆ ಅಂತ ಬರೆಯುವಾಗ ಅಮ್ಮನ ಮುಖ ಕಣ್ಣಮುಂದೆ ಬಂತು, ಆದರೂ ಆ ಪದ ತೂಕವಾಗಿದೆ ಅಂತ ಹಾಗೇ ಬಿಟ್ಟಳು.

ಗುರುವಾರ, ಲಿಫ್ಟು ನಿಂತು ಇಪ್ಪತ್ತನೇ ದಿನ, ಬೋರ್ಡಕ್ಕ ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು. ಅಮ್ಮ ಹಾಸಿಗೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಗಂಟೆ ನಾಲ್ಕು. ಕೆಳಗಿನಿಂದ ಬೆಂಚಿನವರ ನಗು ಕೇಳುತ್ತಿತ್ತು.

"ಎದ್ದು ನಾಲ್ಕು ಹೆಜ್ಜೆ ನಡಿ ಅಮ್ಮ."

"ನಡೆದು ಎಲ್ಲಿಗೆ ಹೋಗ್ಲಿ? ಅಡುಗೆಮನೆಗಾ?"

"ಇನ್ನೆರಡು ದಿನ. ಆ ಹೊಸ ಎಕ್ಸ್‌ಟೆನ್ಷನ್‌ನ ಕಿತ್ತು ಬಿಸಾಕಿಸ್ತೀನಿ. ಅದೇ ಮಾಡಿದ್ದು ಇದನ್ನೆಲ್ಲ."

ಅಮ್ಮ ಈಚೆ ತಿರುಗಿದಳು. "ಇಪ್ಪತ್ತು ದಿನದಿಂದ ಅದು ಹೇಳ್ತು, ಇದು ಹೇಳ್ತು ಅಂತ ಆ ಡಬ್ಬಿಗಳನ್ನೇ ಕೇಳ್ತಿದೀಯ. ಒಳಗಿದ್ದವಳು ನಾನು. ನನ್ನ ಯಾರಾದ್ರೂ ಕೇಳಿದ್ರಾ?"

"ಕೇಳಿದ್ನಲ್ಲ. ಬಸ್ಸು ಕೂಗಿದೆ ಅಂತ ನಗಾಡ್ದೆ."

"ಕೇಳಿದ್ದು ಹೇಗಿದೀಯ ಅಂತ. ಏನಾಯ್ತು ಅಂತ ಅಲ್ಲ."

ಅದು ನಿಜವಾಗಿತ್ತು. ಬೋರ್ಡಕ್ಕ ಮಂಚದ ತುದಿಯಲ್ಲಿ ಕೂತಳು. "ಸರಿ, ಏನಾಯ್ತು?"

ಅಮ್ಮ ಎದ್ದು ದಿಂಬಿಗೆ ಒರಗಿ, ನಿಲ್ದಾಣದಲ್ಲಿ ಬಸ್ಸಿನ ಹೊತ್ತು ಹೇಳುವ ದನಿಯಲ್ಲಿ ಒಂದೊಂದಾಗಿ ಹೇಳಿದಳು. "ಕರೆಂಟ್ ಹೋಯ್ತು. ಬಂತು. ಲೈಟ್ ಹತ್ತಿತು. ಫ್ಯಾನ್ ತಿರುಗ್ತು. ಮೆಲ್ಲಗೆ ಇಳೀತು, ನಿಂತಿತು. ಅಷ್ಟೇ. ದಿನಾ ನಿಂತ ಮೇಲೆ ತಲೆ ಮೇಲೆ ಟಿಕ್ ಅನ್ನತ್ತಲ್ಲ, ಆಮೇಲೆ ಬಾಗಿಲು ತೆಗಿಯತ್ತಲ್ಲ, ಆ ಟಿಕ್ ಅನ್ನಲಿಲ್ಲ."

"ಅನ್ನಲೇ ಇಲ್ವಾ? ಟಿಕ್ ಅಂದು ಆಮೇಲೆ ಬಾಗಿಲು ಸಿಕ್ಕಿಕೊಳ್ತಾ?"

"ಈ ಕಿವಿಯಲ್ಲಿ ಎಂಜಿನ್ ಸದ್ದು ಕೇಳಿ ಯಾವ ಬಸ್ಸು ಅಂತ ಹೇಳ್ತಿದ್ದವಳು ನಾನು. ಟಿಕ್ ಅನ್ನಲಿಲ್ಲ. ಬಾಗಿಲು ತೆಗಿ, ಬಾಗಿಲು ತೆಗಿ ಅಂತ ನಲವತ್ತು ನಿಮಿಷ ಬಡ್ಕೊಂಡೆ. ಅದೇನು ಕಿವುಡೋ, ಭಾಷೆ ಬರಲ್ವೋ."

ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಗಿತ್ತು ಬೋರ್ಡಕ್ಕನ ಪಾಡು.

ಆ ಟಿಕ್ ಯಾವುದು ಅಂತ ಅವಳಿಗೆ ಗೊತ್ತಿತ್ತು. ಲಿಫ್ಟಿನ ಡಬ್ಬಿಯ ತಲೆಯ ಮೇಲೆ ಇನ್ನೊಂದು ಪುಟ್ಟ ಬೋರ್ಡು ಇದೆ, ಬಾಗಿಲಿಗೆಂದೇ. ಮೇಷ್ಟ್ರು ಹದಿನೆಂಟು ವರ್ಷದ ಹಿಂದೆ ಮಾಡಿದ್ದು, ಬೆಸುಗೆ ಹಾಕಿದವಳು ಇವಳೇ. ಕಟ್ಟಡದ ನೆತ್ತಿಯ ಹಸಿರು ಬೋರ್ಡು ತಂತಿಯ ಮೂಲಕ ಅದಕ್ಕೆ ಒಂದು ಪದ ಕಳಿಸುತ್ತದೆ. ಪದ ಅರ್ಥವಾದರೆ ಅದು ಟಿಕ್ ಅಂದು ಬಾಗಿಲು ತೆರೆಯುತ್ತದೆ. ಅದಕ್ಕೆ ಗೊತ್ತಿರುವುದು ಎರಡೇ ಪದ. ಹಾಕು. ತೆಗೆ.

ಅವಳು ಚಪ್ಪಲಿ ಮೆಟ್ಟಿ ಐದು ಮಹಡಿ ಇಳಿದು ಆಫೀಸಿಗೆ ಓಡಿದಳು. ದೊಡ್ಡದೂ ಬೇಡ, ಚಿಕ್ಕದೂ ಬೇಡ, ಹಳೆಯ ಕೋಡನ್ನೂ ಹೊಸ ಕೋಡನ್ನೂ ಕಾಗದದಲ್ಲಿ ಅಚ್ಚು ಹಾಕಿಕೊಂಡು ಪಕ್ಕಪಕ್ಕ ಇಟ್ಟು ಬೆರಳಿಟ್ಟು ಓದಿದಳು. ದಿನನಿತ್ಯ ಬಾಗಿಲಿಗೆ ಹೋಗುವ ಪದಗಳು ಆ ಫೋಲ್ಡರಿನಲ್ಲಿ ಇರಲೇ ಇಲ್ಲ, ಬೇರೆ ಕಡೆ ಸುರಕ್ಷಿತವಾಗಿದ್ದವು. ಹಾಗಾಗಿಯೇ ಬುಧವಾರ ಬಾಗಿಲು ಸರಿಯಾಗಿ ಆಡಿತ್ತು. ಕರೆಂಟು ಹೋಗಿ ಬಂದಾಗಿನ ಒಂದು ಜಾಗದಲ್ಲಿ ಮಾತ್ರ ಮೇಷ್ಟ್ರು ಯಾವತ್ತೋ ಅವಸರದಲ್ಲಿ, ಉದ್ಧರಣ ಚಿಹ್ನೆಯೊಳಗೆ, ಆ ಪದವನ್ನು ನೇರವಾಗಿ ಬರೆದಿದ್ದರು: "ತೆಗೆ". ಅದು ಕೋಡಿನ ಹೆಸರಲ್ಲ. ಬಾಗಿಲಿಗೆ ಆಡುವ ಮಾತು. ನಲವತ್ತೇಳರಲ್ಲಿ ಮೂವತ್ತೊಂದನೆಯದು. ಅವಳೇ ಒತ್ತಿದ ಗುಂಡಿ ಅದನ್ನು "open" ಮಾಡಿತ್ತು. ಅಮ್ಮ ಒಳಗಿದ್ದಾಗ ಮೇಲಿನ ಬೋರ್ಡು ಬಾಗಿಲಿಗೆ ಅಚ್ಚುಕಟ್ಟಾಗಿ ಇಂಗ್ಲಿಷಿನಲ್ಲಿ ಹೇಳಿತ್ತು. ಬಾಗಿಲಿಗೆ ಇಂಗ್ಲಿಷ್ ಬರುತ್ತಿರಲಿಲ್ಲ.

ಪರದೆ ಇಪ್ಪತ್ತು ದಿನ ತಪ್ಪದೇ ಅದನ್ನೇ ತೋರಿಸಿತ್ತು. ಅವಳಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ ಸರಿಯಾಗಿದೆ ಅನ್ನಿಸಿತ್ತು. ಮೇಷ್ಟ್ರು ಬದುಕಿದ್ದರೆ ಏನನ್ನುತ್ತಿದ್ದರು ಅಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಯಾರಿಗೆ ಹೇಳ್ತಿದೀವಿ ಅನ್ನೋದು ಗೊತ್ತಿರಬೇಕು.

ಅವಳಿಗೆ ಅಳು ಬಂತು, ಸಿಟ್ಟೂ ಬಂತು. ಎಷ್ಟು ಯೋಚಿಸಿದರೂ ಆ ಸಿಟ್ಟನ್ನು ಹಾಕಲು ತನ್ನನ್ನು ಬಿಟ್ಟು ಬೇರೆ ಜಾಗ ಸಿಗಲಿಲ್ಲ. ದೊಡ್ಡದರಲ್ಲಿ ಮಾಡಿದ್ದರೆ ಅದು ಉದ್ಧರಣ ಚಿಹ್ನೆಯೊಳಗಿನದನ್ನು ಮುಟ್ಟುತ್ತಿರಲಿಲ್ಲ, ನಿಜ. ಚಿಕ್ಕದರ ಸೆಟ್ಟಿಂಗ್ ಸರಿ ಮಾಡಿಕೊಂಡಿದ್ದರೆ ಅದೂ ಮುಟ್ಟುತ್ತಿರಲಿಲ್ಲ, ಅದೂ ನಿಜ. ಸರಿ ಮಾಡದೆ ನಾಳೆ ಅಂದವಳು ಅವಳು. ಒಂದೊಂದಾಗಿ ನೋಡುತ್ತೀರಾ ಅಂತ ಅದು ಕೇಳಿಯೂ ಇತ್ತು. ಹನ್ನೊಂದು ನಿಮಿಷ ಕಾಯಲಾರದೆ ಅಮ್ಮನನ್ನು ನಲವತ್ತು ನಿಮಿಷ ಕಾಯಿಸಿದ್ದಳು. ಆಮೇಲೆ ಇಪ್ಪತ್ತು ದಿನ.

ಆ ಒಂದು ಪದವನ್ನು ಮೊದಲಿನಂತೆ ಮಾಡಿ, ಅದರ ಮೇಲೊಂದು ಟಿಪ್ಪಣಿ ಬರೆದಳು: ಈ ಬಾಗಿಲಿಗೆ ಕನ್ನಡ ಮಾತ್ರ ಬರುತ್ತದೆ, ದಯವಿಟ್ಟು ಮುಟ್ಟಬೇಡಿ. ಚೀಲದಲ್ಲಿದ್ದ ಅಭಿಪ್ರಾಯದ ಪುಟವನ್ನು ತೆಗೆದು ಓದಿದಳು. ನಿಜವಾದ ಕಾರಣ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ಹಾಗೇ ಕೊಟ್ಟಿದ್ದರೆ ದೊಡ್ಡದು ಉಳಿಯುತ್ತಿತ್ತು, ಅವಳ ಮರ್ಯಾದೆಯೂ ಉಳಿಯುತ್ತಿತ್ತು. ವೃದ್ಧೆ ಎಂಬ ಪದದ ತನಕ ಓದಿ ಹರಿದಳು.

ಶುಕ್ರವಾರ ಬೆಳಿಗ್ಗೆ ಒಂಬತ್ತು ಹತ್ತಕ್ಕೇ ಮ್ಯಾನೇಜರ ಮೇಜಿನ ಮುಂದೆ ನಿಂತಳು.

"ಚಿಕ್ಕದೇ ಇರಲಿ ಸರ್. ಎಲ್ಲರಿಗೂ ಸೆಟ್ಟಿಂಗ್ ಪೂರ್ತಿ ಮಾಡಿಸಿ ಕೊ‌ಡಿ, ಅರ್ಧಂಬರ್ಧ ಬಿಡಬೇಡಿ. ಲಿಫ್ಟ್ ನಿಂತಿದ್ದಕ್ಕೆ ಕಾರಣ ನಾನು. ನೆಲ ನೆಟ್ಟಗೇ ಇತ್ತು."

ಅವನು ಸಿಂಪಲ್ ಅನ್ನಲಿಲ್ಲ. ಅಚ್ಚಾದ ಎರಡು ಕಾಗದಗಳನ್ನೂ ತೆಗೆದುಕೊಂಡು ಬಹಳ ಹೊತ್ತು ನೋಡಿದ. "ಹತ್ತು ಗಂಟೆಯೊಳಗೆ ಬೇಕು ಅಂತ ಒಂಬತ್ತು ನಲವತ್ತಕ್ಕೆ ಬಂದು ಹೇಳಿದ್ದು ನಾನು ಮೇಡಂ," ಅಂದ. "ಅದನ್ನೂ ಬರೀರಿ."

"ಅದು ನಿಮ್ಮ ಇಲಾಖೆ. ನೀವೇ ಬರ್ಕೊಳ್ಳಿ," ಅಂದು ಅವಳು ಬಂದಳು.

ಸೆಕ್ರೆಟರಿಗೆ ಕೊಟ್ಟ ಕಾಗದದಲ್ಲಿ ಕಾರಣ ಎನ್ನುವ ಕಡೆ ತನ್ನ ಹೆಸರನ್ನೇ ಬರೆದಿದ್ದಳು. ಅವರು ಮೂರು ಸಲ ಓದಿ, ಇನ್ನೂ ಎರಡು ಪ್ರತಿ ಕೇಳಿ, ಬೀಗ ತೆಗೆದರು. ಒಂದು ಷರತ್ತು ಮಾತ್ರ ಇತ್ತು: ಒಳಗೆ ಮನುಷ್ಯರಿದ್ದಾಗಲೇ ಕರೆಂಟು ತೆಗೆದು ಕೊಟ್ಟು ತೋರಿಸಬೇಕು. ಕೀಲಿ ಹಿಡಿದು ತಾವೇ ಮೂರನೇ ಮಹಡಿಯಲ್ಲಿ ನಿಂತಿರುತ್ತಾರಂತೆ.

ಶನಿವಾರ ಬೆಳಿಗ್ಗೆ ಸರಿಮಾಡಿದ ಕೋಡನ್ನು ಲಿಫ್ಟಿಗೆ ತುಂಬಿಸಿ, ನಾಲ್ಕಕ್ಕೆ ಬೋರ್ಡಕ್ಕ ಒಬ್ಬಳೇ ಲಿಫ್ಟು ಹತ್ತಲು ಹೊರಟರೆ, ಅಮ್ಮ ಕೋಲು ಊರಿಕೊಂಡು ಬಾಗಿಲಿಗೆ ಬಂದಿದ್ದಳು. ಹಸಿರು ಸೀರೆ ಉಟ್ಟಿದ್ದಳು.

"ನೀನು ಬೇಡಮ್ಮ. ಮೊದಲು ನೋಡೋಣ, ಆಮೇಲೆ."

"ಟಿಕ್ ಅಂತೋ ಇಲ್ವೋ ನಿನಗೆ ಕೇಳಿಸಲ್ಲ. ನಡಿ."

ನಾಲ್ಕನೇ ಮಹಡಿ ದಾಟುತ್ತಿದ್ದಂತೆ ಕೆಳಗೆ ಕಾವಲುಗಾರ ಮೇನ್ ಸ್ವಿಚ್ ಎಳೆದ. ಕತ್ತಲೆಂದರೆ ಕತ್ತಲು. ಫ್ಯಾನು ನಿಂತಿತು, ಗಾಳಿ ನಿಂತಿತು, ಉಸಿರಿನ ಸದ್ದು ಮಾತ್ರ ಉಳಿಯಿತು. ಎರಡು ನಿಮಿಷ ಬಿಟ್ಟು ಸ್ವಿಚ್ ಹಾಕಬೇಕೆಂದು ಮಾತಾಗಿತ್ತು. ಬೋರ್ಡಕ್ಕನಿಗೆ ಆ ಎರಡು ನಿಮಿಷ ಮುಗಿಯುವಂತೆಯೇ ಕಾಣಲಿಲ್ಲ. ಕೈ ಚಾಚಿದಳು, ಅಮ್ಮನ ಕೈ ಸಿಕ್ಕಿತು. ಆ ಕೈ ಹಿಡಿದಿದ್ದ ನಾಲ್ಕು ಕಾಲಿನ ಕೋಲು ನೆಲದ ಮೇಲೆ ಕಟಕಟ ಎನ್ನುತ್ತಿತ್ತು. ಬಸ್ಸು ಕೂಗಿದೆ, ಹೊತ್ತು ಹೋಯ್ತು ಅಂದವಳ ಕೈ ಅದು.

"ಅಮ್ಮ," ಅಂದಳು ಬೋರ್ಡಕ್ಕ. ಎಲ್ಲರಿಗೂ ಹೇಳಿದ್ದಳು, ಇವಳೊಬ್ಬಳಿಗೆ ಹೇಳಿರಲಿಲ್ಲ. "ಆ ಎಕ್ಸ್‌ಟೆನ್ಷನ್ ಅಲ್ಲಮ್ಮ. ನಾನೇ. ಹನ್ನೊಂದು ನಿಮಿಷ ಕಾಯೋಕಾಗ್ದೆ ಅವಸರದಲ್ಲಿ ನೋಡದೆ ಒತ್ತಿಬಿಟ್ಟೆ. ನಿನ್ನ ಇದರೊಳಗೆ ಕೂಡಿಹಾಕಿದ್ದು ನಾನು."

ದೀಪ ಬಂತು. ಫ್ಯಾನು ತಿರುಗಿತು. ಡಬ್ಬಿ ಮೆಲ್ಲಗೆ ಇಳಿದು ನಿಂತಿತು. ಇಬ್ಬರೂ ತಲೆಯೆತ್ತಿ ಮೇಲೆ ನೋಡಿದರು.

"ಮೊದ್ಲು ಬಾಗಿಲು ತೆಗಿ," ಅಂದಳು ಅಮ್ಮ, ಮೇಲಿದ್ದ ಬೋರ್ಡಿಗೋ ಮಗಳಿಗೋ. "ಆಮೇಲೆ ಬೈತೀನಿ."

ಟಿಕ್.

ಬಾಗಿಲು ತೆರೆಯಿತು. ಎದುರಿಗೆ ಸೆಕ್ರೆಟರಿ ಕೀಲಿಯನ್ನು ಕತ್ತಿಯಂತೆ ಹಿಡಿದು ನಿಂತಿದ್ದರು. ಅಮ್ಮ ಅವರ ಕಡೆ ನೋಡಲೂ ಇಲ್ಲ, ನೆಲಮಹಡಿಯ ಗುಂಡಿಯನ್ನು ತಾನೇ ಒತ್ತಿದಳು. ಕೆಳಗೆ ಬಾಗಿಲು ತೆರೆದಾಗ ಮಗಳ ಕೈ ಬಿಡಿಸಿಕೊಂಡು, ಕೋಲು ಊರುತ್ತ, ಒಂದು ಸಲವೂ ಹಿಂದೆ ನೋಡದೆ ಬೆಂಚಿನ ಕಡೆ ನಡೆದಳು. ಇಪ್ಪತ್ತೆರಡು ದಿನದ ಬಿಗಿತ ಸೊಂಟದಲ್ಲಿತ್ತು, ಹೆಜ್ಜೆ ಓರೆಯಾಗುತ್ತಿತ್ತು. ಮೂವರೂ ಜರುಗಿ ಜಾಗ ಮಾಡಿದರು.

ಆಮೇಲೆ ಅಮ್ಮ ಬೈಯತೊಡಗಿದಳು, ಮೈಕು ಕೆಟ್ಟ ದಿನದ ದನಿಯಲ್ಲಿ, ಅಂಗಳಕ್ಕೆಲ್ಲ ಕೇಳುವ ಹಾಗೆ. ನನ್ನನ್ನ ನಲವತ್ತು ನಿಮಿಷ ಕೂಡಿಹಾಕಿದ್ದು ಯಾವ ಯಂತ್ರವೂ ಅಲ್ಲ ಕಣ್ರೇ, ನಾನು ಹೆತ್ತ ಮಗಳು, ಹನ್ನೊಂದು ನಿಮಿಷ ಕಾಯೋಕಾಗದ ಮಗಳು, ಹೊಟ್ಟೆಯೊಳಗೂ ಒಂಬತ್ತು ತಿಂಗಳು ತುಂಬೋವರೆಗೆ ಕಾಯಲಿಲ್ಲ ಇವಳು. ಬಾಲ್ಕನಿಗಳಿಂದ ತಲೆಗಳು ಇಣುಕಿದವು. ಬೋರ್ಡಕ್ಕ ಲಿಫ್ಟಿನ ಬಾಗಿಲಲ್ಲೇ ನಿಂತು, ಬೈಗುಳ ಪೂರ್ತಿ ಮುಗಿಯುವ ತನಕ ಕಾದಳು.